ದೋಣಿಯ ಸರ್ಟಿಫಿಕೇಟ್ ಆರ್‌ಸಿ ಬುಕ್ ಅಲ್ಲ: ಯುಕೆಯಲ್ಲಿ ಹಳೆ ಯಾಟ್ ಕೊಳ್ಳುವವರಿಗೆ

ಸೌತಾಂಪ್ಟನ್ ಕಡೆ ಇರುವ ನಮ್ಮವರು ಒಬ್ಬಿಬ್ಬರು ಸೆಕೆಂಡ್ ಹ್ಯಾಂಡ್ ಯಾಟ್ ಹುಡುಕುತ್ತಿದ್ದೇವೆ ಅಂದರು. ಒಳ್ಳೆಯದೇ. ಆದರೆ ಅಡ್ವಾನ್ಸ್ ಕೊಡುವ ಮುಂಚೆ ನನ್ನ ಕಥೆ ಓದಿಬಿಡಿ.

ಎರಡು ವರ್ಷದ ಹಿಂದೆ ನಾನು ಮತ್ತು ನನ್ನ ಗೆಳೆಯ ಸೇರಿ ಹ್ಯಾಂಬಲ್ ನದಿಯ ಒಂದು ಮರೀನಾದಲ್ಲಿದ್ದ (ಬಾಡಿಗೆಗೆ ದೋಣಿ ನಿಲ್ಲಿಸುವ ಜಾಗ) 10 ಮೀಟರ್ ಉದ್ದದ ಹಾಯಿದೋಣಿ ಕೊಂಡೆವು. ಬೆಲೆ 18,000 ಪೌಂಡ್. ಇಂಜಿನ್ ಓಡಿಸಿ ನೋಡಿದೆವು, ಹಾಯಿ ಬಿಚ್ಚಿಸಿ ನೋಡಿದೆವು, ಸರ್ವೇಯರ್ ಕರೆಸಿ ತಳ ತಟ್ಟಿಸಿದೆವು. ಕಾಗದ ನೋಡಿದ್ದು ಮಾತ್ರ ಐದೇ ನಿಮಿಷ. ಮಾರುವವನು ಸರ್ಕಾರಿ ಸರ್ಟಿಫಿಕೇಟ್ ತೋರಿಸಿದ. ಅವನ ಹೆಸರು, ದೋಣಿಯ ಹೆಸರು, ಎಸ್‌ಎಸ್‌ಆರ್ ನಂಬರ್ (ಸಣ್ಣ ದೋಣಿಗಳ ನೋಂದಣಿ ಸಂಖ್ಯೆ) ಎಲ್ಲ ಸರಿಯಾಗಿತ್ತು. ಊರಲ್ಲಿ ಹಳೆ ಬೈಕ್ ಕೊಳ್ಳುವಾಗ ಆರ್‌ಸಿ ನೋಡುತ್ತೇವೆ, ಸಾಲ ಇದ್ದರೆ ಅದರಲ್ಲೇ ಬ್ಯಾಂಕಿನ ಹೆಸರು ಇರುತ್ತದೆ ಅಲ್ವಾ? ಇದರಲ್ಲಿ ಯಾವ ಬ್ಯಾಂಕಿನ ಹೆಸರೂ ಇರಲಿಲ್ಲ. ನಾವು ಖುಷಿಯಾಗಿ ಕೈಕುಲುಕಿದೆವು.

ಆ ಸರ್ಟಿಫಿಕೇಟ್‌ನಲ್ಲಿ ಸಾಲದ ವಿಷಯ ಬರೆಯುವ ಪದ್ಧತಿಯೇ ಇಲ್ಲ ಅಂತ ನಮಗೆ ಗೊತ್ತಿರಲಿಲ್ಲ.

ಯುಕೆಯಲ್ಲಿ ಹಡಗು ನೋಂದಣಿ ಪುಸ್ತಕಕ್ಕೆ ಬೇರೆ ಬೇರೆ ಭಾಗಗಳಿವೆ. ಯಾಟ್‌ನವರಿಗೆ ಬೇಕಾದವು ಎರಡು. ಪಾರ್ಟ್ 1 ಹಳೆಯದು, ಗಟ್ಟಿಯದು. ಅಲ್ಲಿ ದೋಣಿಯ ಒಡೆತನವನ್ನು 64 ಪಾಲಾಗಿ ಲೆಕ್ಕ ಹಾಕುತ್ತಾರೆ. ಯಾರ ಹೆಸರಲ್ಲಿ ಎಷ್ಟು ಪಾಲು, ಅಡಮಾನ ಇದೆಯಾ ಎಲ್ಲ ದಾಖಲಾಗುತ್ತದೆ. ಒಡೆತನದ ಪುರಾವೆ ಕೊಡಬೇಕು, ದೋಣಿ ಅಳೆಸಬೇಕು. ಪಾರ್ಟ್ 3 ಅಂದರೆ ಸ್ಮಾಲ್ ಶಿಪ್ಸ್ ರಿಜಿಸ್ಟರ್, ಅದೇ ಎಸ್‌ಎಸ್‌ಆರ್, 24 ಮೀಟರ್‌ಗಿಂತ ಚಿಕ್ಕ ದೋಣಿಗಳಿಗೆ. ಪಾರ್ಟ್ 1ರ ಖರ್ಚು, ಓಡಾಟ ಜಾಸ್ತಿ ಆಗುತ್ತಿದ್ದ ಸಣ್ಣ ದೋಣಿಯವರಿಗಾಗಿ 1983ರಲ್ಲಿ ಇದು ಬಂತು. ಈಗ ಆನ್‌ಲೈನ್‌ನಲ್ಲಿ ಕೂತಲ್ಲೇ ಆಗುತ್ತದೆ. ನಾವು ಕಟ್ಟಿದ್ದು ಐದು ವರ್ಷಕ್ಕೆ 35 ಪೌಂಡ್. ನಿಯಮ ಹಗುರ ಮಾಡಿದ್ದು ಒಳ್ಳೆಯದಕ್ಕೇ, ನಾನು ಬೈಯುತ್ತಿಲ್ಲ. ಆದರೆ ಹಗುರ ಆಗಿದ್ದು ಹೇಗೆ ಅಂದರೆ, ನೀವು ಹೇಳಿದ್ದನ್ನು ಅವರು ನಂಬುತ್ತಾರೆ. ಈ ದೋಣಿ ನನ್ನದು ಅಂತ ನೀವು ಘೋಷಿಸಿದರೆ ಸಾಕು. ಬೇರೆ ದೇಶದ ಬಂದರಿಗೆ ಹೋದಾಗ ಇದು ಬ್ರಿಟಿಷ್ ದೋಣಿ ಅಂತ ತೋರಿಸಲು ಆ ಕಾಗದ ನಡೆಯುತ್ತದೆ. ಮಾಲೀಕ ಯಾರು ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ಮಾರಿದ ಕೂಡಲೇ ಆ ನೋಂದಣಿ ಸತ್ತುಹೋಗುತ್ತದೆ, ಹೊಸಬರು ಮೊದಲಿಂದ ಮಾಡಿಸಬೇಕು. ನಾವೂ ನಮ್ಮ ಹೆಸರಲ್ಲಿ ಮಾಡಿಸಿದೆವು. ಯಾರೂ ಏನೂ ಕೇಳಲಿಲ್ಲ. ಆಗಲಾದರೂ ಅನುಮಾನ ಬರಬೇಕಿತ್ತು.

ಚಳಿಗಾಲದಲ್ಲಿ ಕ್ಯಾಬಿನ್ ಒಳಗೆ ಹಳೆ ಬಣ್ಣ ಕೆರೆಯುತ್ತಿದ್ದಾಗ ಗೆಳೆಯ "ಲೋ, ಇಲ್ಲಿ ಬಾ" ಅಂತ ಕೂಗಿದ. ಒಂದು ತೊಲೆಯ ಮೇಲೆ ಆರು ಅಂಕಿ ಕೆತ್ತಿತ್ತು. ಅದರ ಮೇಲೆ ಯಾರೋ ದಪ್ಪಗೆ ಬಣ್ಣ ಬಳಿದಿದ್ದರು. ಪಾರ್ಟ್ 1ರಲ್ಲಿರುವ ದೋಣಿಗೆ ಕೊಡುವ ಅಧಿಕೃತ ಸಂಖ್ಯೆಯನ್ನು ಹೀಗೆ ದೋಣಿಯಲ್ಲೇ ಅಳಿಸಲಾಗದಂತೆ ಗುರುತು ಮಾಡಬೇಕು. ಕಾರ್ಡಿಫ್‌ನ ನೋಂದಣಿ ಕಚೇರಿಗೆ ಆ ನಂಬರ್ ಕೊಟ್ಟು, ಶುಲ್ಕ ಕಟ್ಟಿ, ದಾಖಲೆಯ ಪ್ರತಿ ತರಿಸಿದೆವು. ಬೇರೆ ಹೆಸರಲ್ಲಿ ನಮ್ಮದೇ ದೋಣಿ. ಮೇಲೊಂದು ಅಡಮಾನ. ಒಂದೇ ದೋಣಿ ಎರಡೂ ಭಾಗದಲ್ಲಿ ಇರುವಂತಿಲ್ಲ. ಆದರೆ ಪಾರ್ಟ್ 1ರಲ್ಲಿ ಇಲ್ಲ ಅಂತ ಹೇಳಿದವನು ಎಸ್‌ಎಸ್‌ಆರ್‌ಗೆ ಅರ್ಜಿ ಹಾಕಿದವನೇ!

ಫೈನಾನ್ಸ್ ಕಂಪನಿಗೆ ಬರಬೇಕಿದ್ದದ್ದು 11,000 ಪೌಂಡ್. ಅಡಮಾನ ದೋಣಿಯ ಜೊತೆಗೇ ಬರುತ್ತದೆ, ಕೊಂಡವನು ಪಾಪದವನಾದರೂ ಅಷ್ಟೇ. ಮಾರಿದವನ ಫೋನ್ ಸ್ವಿಚ್ ಆಫ್. ವಕೀಲರಿಗೆ ಸುರಿದು, ಎಳೆದಾಡಿ, ಕೊನೆಗೆ 7,000ಕ್ಕೆ ಇತ್ಯರ್ಥ ಆಯಿತು. ಹೆಂಡತಿಗೆ ಪೂರ್ತಿ ಲೆಕ್ಕ ಇವತ್ತಿಗೂ ಹೇಳಿಲ್ಲ.

ಇನ್ನೊಂದು ತಪ್ಪಿನಿಂದ ಸ್ವಲ್ಪದರಲ್ಲಿ ಪಾರಾದೆವು. ಶನಿವಾರ ಭಾನುವಾರ ಬಾಡಿಗೆಗೆ ಬಿಟ್ಟು ನಷ್ಟ ತುಂಬಿಕೊಳ್ಳೋಣ ಅಂದುಕೊಂಡಿದ್ದೆವು. ಸುಮ್ನೆ ವಿಮೆಯವರನ್ನು ಕೇಳಿದಾಗ ಬಾಯಿ ಮುಚ್ಚಿಸಿದರು. ಬಾಡಿಗೆ ಅಂದರೆ ವಾಣಿಜ್ಯ ಬಳಕೆ. ಅದಕ್ಕೆ ಸುರಕ್ಷತಾ ನಿಯಮದ ಪ್ರಕಾರ ದೋಣಿಯ ತಪಾಸಣೆ ಮಾಡಿಸಿ ಬೇರೆಯೇ ಸರ್ಟಿಫಿಕೇಟ್ ಪಡೆಯಬೇಕು, ಇಲ್ಲಿ ಅದಕ್ಕೆ ಕೋಡಿಂಗ್ ಅನ್ನುತ್ತಾರೆ. ನಮ್ಮ ವಿಮೆ ಸ್ವಂತ ಮೋಜಿಗೆ ಮಾತ್ರ. ಯಾರಾದರೂ ಬಿದ್ದು ಕಾಲು ಮುರಿದುಕೊಂಡಿದ್ದರೆ ನಾವು ಬೀದಿಗೆ ಬರುತ್ತಿದ್ದೆವು.

ಈಗ ಯಾರಾದರೂ ಕೇಳಿದರೆ ಹೇಳುವುದಿಷ್ಟು. ದೋಣಿ ಕಟ್ಟಿದವರ ಮೊದಲ ಬಿಲ್‌ನಿಂದ ಹಿಡಿದು ಇಲ್ಲಿಯವರೆಗೆ ಕೈ ಬದಲಾದ ಪ್ರತಿ ಸಲದ ಮಾರಾಟ ಪತ್ರ, ಮೂಲ ಪ್ರತಿ, ಕೇಳಿ. ನಡುವೆ ಒಂದು ಕೊಂಡಿ ತಪ್ಪಿದ್ದರೂ ಯಾಕೆ ಅಂತ ಕೇಳಿ. ಟಾರ್ಚ್ ಹಿಡಿದು ತೊಲೆಗಳನ್ನು, ಹೊಸ ಬಣ್ಣ ಬಳಿದ ಜಾಗಗಳನ್ನು ನೋಡಿ. ಮರೀನಾ ಕಚೇರಿಯಲ್ಲಿ ಬಾಡಿಗೆ ಬಾಕಿ ಇದೆಯಾ ವಿಚಾರಿಸಿ. ಪಾರ್ಟ್ 1ರಲ್ಲಿ ಏನೂ ಸಿಗದಿದ್ದರೂ ಪೂರ್ತಿ ನಿರಾಳ ಬೇಡ, ದಾಖಲಾಗದ ಸಾಲಗಳೂ ಇರುತ್ತವೆ. ಹಣವನ್ನು ನೇರ ಮಾರುವವನ ಕೈಗೆ ಕೊಡದೆ, ಕಾಗದ ಕೈಗೆ ಬರುವವರೆಗೆ ವಕೀಲರ ಖಾತೆಯಲ್ಲಿಡಿ.

ಆ ತೊಲೆಗೆ ನಾವು ಮತ್ತೆ ಬಣ್ಣ ಹಚ್ಚಿಲ್ಲ. ಆರು ಅಂಕಿ ಹಾಗೇ ಕಾಣುತ್ತಿರಲಿ ಅಂತ ಬಿಟ್ಟಿದ್ದೇವೆ.