ಎಲೆನರ್ ಅಂಡ್ ಪಾರ್ಕ್ ಓದಬೇಕೋ, ದಿ ಸನ್ ಈಸ್ ಆಲ್ಸೋ ಎ ಸ್ಟಾರ್ ಓದಬೇಕೋ?

ಎರಡೂ ಇಂಗ್ಲಿಷ್ ಕಾದಂಬರಿಗಳಲ್ಲಿ ಹದಿಹರೆಯದ ಎಣ್ಣೆ-ಸೀಗೆಕಾಯಿ ಜೋಡಿ. ಆದರೆ ಪ್ರೀತಿ ಮಾಗುವ ವೇಗ ಬೇರೆ.

ರೇನ್‌ಬೋ ರೋವೆಲ್ ಅವರ ಎಲೆನರ್ ಅಂಡ್ ಪಾರ್ಕ್ ನಡೆಯುವುದು 1986ರಲ್ಲಿ, ಅಮೆರಿಕದ ಒಮಾಹಾದಲ್ಲಿ. ಶಾಲಾ ಬಸ್ಸಿನಲ್ಲಿ ಎಲೆನರ್ ಎಂಬ ಹುಡುಗಿ, ಪಾರ್ಕ್ ಎಂಬ ಹುಡುಗ ಇಬ್ಬರಿಗೂ ಒಂದೇ ಸೀಟು, ಮೊದಮೊದಲು ಮಾತೇ ಇಲ್ಲ. ಪಾರ್ಕ್ ಓದುವ ಕಾಮಿಕ್ಸನ್ನು ಅವಳು ಓರೆಗಣ್ಣಿನಲ್ಲೇ ಓದುತ್ತಾಳೆ. ಅದು ಗೊತ್ತಾಗಿ ಅವನು ಪುಟ ತಿರುಗಿಸುವುದನ್ನೇ ನಿಧಾನ ಮಾಡುತ್ತಾನೆ. ಒಲವು ಚಿಗುರುವ ಗಳಿಗೆಯನ್ನು ಇಷ್ಟು ಹತ್ತಿರದಿಂದ ತೋರಿಸುವ ಕಾದಂಬರಿಗಳು ಕಡಿಮೆ. ಎಲೆನರ್ ಮನೆಯಲ್ಲಿ ಬಡತನವಿದೆ, ಮಲತಂದೆಯ ಹಿಂಸೆಯಿದೆ. ಹಾಗಾಗಿ 15 ದಾಟಿದವರಿಗೆ ಕೊಡುವುದು ಒಳ್ಳೆಯದು. ಪಾರ್ಕನ ಕೊರಿಯನ್ ತಾಯಿಯ ಚಿತ್ರಣ ಪೂರ್ವಗ್ರಹದ ಅಚ್ಚಿನಲ್ಲಿದೆ ಎಂದು ಬಂದ ಆಕ್ಷೇಪಗಳೂ ನ್ಯಾಯವಾದವೇ.

ನಿಕೋಲಾ ಯೂನ್ ಅವರ ದಿ ಸನ್ ಈಸ್ ಆಲ್ಸೋ ಎ ಸ್ಟಾರ್ (2016) ಹೆಚ್ಚುಕಡಿಮೆ ಪೂರ್ತಿ ನ್ಯೂಯಾರ್ಕಿನ ಒಂದೇ ದಿನದ ಕಥೆ. ನತಾಶಾ ವಿಜ್ಞಾನ ನಂಬುವವಳು, ಡೇನಿಯಲ್ ಕವಿತೆ ಬರೆಯುವವನು. ಅವಳ ಕುಟುಂಬ ಅದೇ ರಾತ್ರಿ ಜಮೈಕಾಗೆ ಗಡೀಪಾರಾಗಬೇಕು. ಒಂದು ದಿನದ ಪ್ರೀತಿ ಕೆಲವರಿಗೆ ಅವಸರ ಅನ್ನಿಸುತ್ತದೆ. ಆದರೆ ಅಧ್ಯಾಯಗಳು ಚಿಕ್ಕವು. ಇಂಗ್ಲಿಷ್ ಕಾದಂಬರಿ ಈಗಷ್ಟೇ ಹಿಡಿಯುತ್ತಿರುವವರು ಇದರಿಂದಲೇ ಶುರುಮಾಡಲಿ.