ಪ್ಯಾಕೆಟ್ ಸೀಗಡಿನೋ, ಐತವಾರದ ಮಾರ್ಕೆಟ್ ಸೀಗಡಿನೋ? ಎಲ್ಲಾ ಒಂದ ಬೋಗುಣ್ಯಾಗ ಬೇಯಿಸೋ ಪಾಸ್ತಾ ಮಾಡಿ ನೋಡಿದ್ದು

ಮೊದ್ಲ ಹೇಳಿಬಿಡ್ತೀನಿ, ನನ್ನ ಓಟು ಐತವಾರ ಮಾರ್ಕೆಟ್‌ನ್ಯಾಗ ಐಸ್ ಮ್ಯಾಲೆ ಸುರುವಿ ಮಾರ್ತಾರಲ್ಲ, ಆ ಸಿಪ್ಪಿ ಸೀಗಡಿಗೆ. ಫ್ರೋಜನ್ ಪ್ಯಾಕೆಟ್‌ಗೆ 340 ರೂಪಾಯಿ ಕೊಟ್ಟು ಕೆಟ್ಟ ಸಿಟ್ಟಿನಾಗ ಬರಿಯಾಕತ್ತೀನಿ, ಹಂಗಾಗಿ ಪಕ್ಷಪಾತ ಇದ್ದ ಇರತೈತಿ.

ಪಾಸ್ತಾ ಹುಚ್ಚು ಹತ್ತಿದ್ದು ಆನೆಗೊಂದಿ ಕಡೆ ಫಾರಿನ್ನವ್ರು ಬರೋ ಒಂದ್ ಕೆಫೆನ್ಯಾಗ. ಅವ್ವ ಇನ್ನೂ ಬೈತಾಳ, "ಗಂಗಾವತ್ಯಾಗ ಹುಟ್ಟಿ, ಮನಿ ತುಂಬ ಅಕ್ಕಿ ಇಟ್ಕೊಂಡು ಮೈದಾ ಕೊಳವಿ ತಿಂತೀಯಲ್ಲೋ" ಅಂತ. ಮೈದಾ ಅಲ್ಲವ್ವ, ಡುರಮ್ ಅನ್ನೋ ಗಟ್ಟಿ ಗೋಧಿ ರವಾದ್ದು. ಮೈದಾದ್ದು ತಗೊಂಡ್ರ ಒಂದ ಬೋಗುಣ್ಯಾಗ ಕರಗಿ ಹೋಕ್ಕೈತಿ, ಅದನ್ನ ತರಬ್ಯಾಡ್ರಿ.

ನಾನು ಮಾಡೋದು ಇಷ್ಟ: ಎಣ್ಣ್ಯಾಗ ಬಳ್ಳೊಳ್ಳಿ, ಉಳ್ಳಾಗಡ್ಡಿ, ಎರಡ್ ಬ್ಯಾಡಗಿ ಮೆಣಸಿನಕಾಯಿ, ಆಮೇಲೆ ಟೊಮ್ಯಾಟಿ, ಅದರ ಮ್ಯಾಲೆ 200 ಗ್ರಾಂ ಪಾಸ್ತಾ, ಎರಡೂವರಿ ಗ್ಲಾಸ್ ನೀರು ಅಂದ್ರ ಅರ್ಧ ಲೀಟರ್‌ಗಿಂತ ಚೂರು ಜಾಸ್ತಿ. ನೀರು ಬಸಿಯೋದಿಲ್ಲ. ಪಾಸ್ತಾ ಬಿಟ್ಟ ಗಂಜಿ ಅದರಾಗ ಉಳದು ಗಟ್ಟಿ ಆಗಿ ಅದ ಸಾಸ್ ಆಕೈತಿ. ಬೀನ್ಸ್ ಹಾಕೋರು ಟೊಮ್ಯಾಟಿಕಿಂತ ಮೊದ್ಲ ಹಾಕ್ರಿ, ಹುಳಿ ಬಿದ್ರ ಬೇಯಾಂಗಿಲ್ಲ. ಕ್ಯಾಪ್ಸಿಕಂ, ಪಾಲಕ್ ಕಡಿಗೆ.

ಈಗ ಪ್ಯಾಕೆಟ್ ಕತಿ. ಸುಲದು ಕ್ಲೀನ್ ಮಾಡಿದ್ದು, ಕತ್ತರ್ಸಿ ಹಾಕೋದಷ್ಟ ಅನ್ಕೊಂಡು ಪಾಸ್ತಾ ಇನ್ನೇನು ಬೆಂತು ಅನ್ನೋವಾಗ ಗಡ್ಡಿ ಕಟ್ಟಿದ್ದನ್ನ ಹಂಗ ಸುರುವಿದೆ. ಕುದಿಯೋ ಬೋಗುಣಿ ಗಪ್ ಅಂತು. ಮತ್ತ ಕುದಿ ಬರಾಕ ಐದಾರು ನಿಮಿಷ, ಅಷ್ಟರಾಗ ಐಸ್ ಎಲ್ಲ ಕರಗಿ ಸಾರಿನಂಗ ಆತು, ಪಾಸ್ತಾ ಮೆತ್ತಗ ಅಂಬಲಿ, ಸೀಗಡಿ ಮಾತ್ರ ಸುರುಳಿ ಸುತ್ತಿ ಸೈಕಲ್ ಟ್ಯೂಬ್. ಸೀಗಡಿಗೆ ಎರಡು ಮೂರು ನಿಮಿಷ ಸಾಕು, ಅರ್ಧ ಬಳಿ ಆಕಾರಕ್ಕ ಬಾಗಿದ್ರ ಇಳಸ್ಬೇಕು, ಪೂರ್ತಿ ಉಂಗುರ ಆದ್ರ ಕೆಟ್ಟಂಗ.

ಎರಡನೇ ಸಲ ಹೊಸಾ ಪ್ಯಾಕೆಟ್ ತಂದು ಕರಗಿಸಿ ಜಾಳಗ್ಯಾಗ ಬಸದು ತೂಕ ಮಾಡಿದೆ. ಪ್ಯಾಕೆಟ್ ಮ್ಯಾಲೆ 500 ಗ್ರಾಂ, ಕೈಯಾಗ ಬಂದದ್ದು 380. ಉಳದದ್ದು ಐಸ್. ಪ್ರತಿ ಸೀಗಡಿ ಸುತ್ತ ತೆಳ್ಳಗ ಐಸ್ ಪದರ ಹಚ್ಚಿರ್ತಾರ, ಒಣಗಬಾರ್ದು ಅಂತ, ಅದು ತಪ್ಪಲ್ಲ ಬಿಡ್ರಿ, ಆದ್ರ ನಾನು ಅಳದು ಹಾಕಿದ ನೀರಿನ ಲೆಕ್ಕ ಕೆಡಸಿದ್ದು ಅದ. ಹಿಂದಿನ ರಾತ್ರಿ ಫ್ರಿಜ್‌ನ್ಯಾಗ ಕೆಳಗ ಇಟ್ಟು ಕರಗಿಸ್ಬೇಕು, ಸರಿ, ಆದ್ರ ಆಫೀಸಿನಿಂದ ಬಂದು ಅರ್ಧ ತಾಸಿನ್ಯಾಗ ಊಟ ಆಗ್ಲಿ ಅಂತ ಪ್ಯಾಕೆಟ್ ತಂದವ್ನು ಹಿಂದಿನ ರಾತ್ರಿನ ನೆನಪಿಟ್ಕೊಂಡಿರ್ತಾನೇನು? ಮತ್ತ ಏಪ್ರಿಲ್ ಬಿಸಿಲಾಗ ಅಂಗಡಿಯಿಂದ ಮನಿಗೆ ಬರೋದ್ರಾಗ ಅರ್ಧ ಕರಗಿರತೈತಿ, ಆ ಮ್ಯಾಲೆ ಕರೆಂಟ್ ಹೋಗೋದು ಬ್ಯಾರೆ.

ಮಾರ್ಕೆಟ್ ಸೀಗಡಿ ಆಂಧ್ರ ಕಡಿಂದ ಐಸ್ ಬಾಕ್ಸ್‌ನ್ಯಾಗ ಬರ್ತಾವ. ಅರ್ಧ ಕಿಲೋಕ್ಕ 200 ಕೊಟ್ಟೆ, ಸುಲದು ಬೆನ್ನಿನ ಕರಿ ನಾರು ತಗದ ಮ್ಯಾಲೆ 270 ಗ್ರಾಂ ಉಳೀತು. ನಲವತ್ತು ನಿಮಿಷ, ಕೈ ಮರುದಿನಾನೂ ನಾರತಿತ್ತು. ಆದ್ರ ಆ ತಲಿ, ಸಿಪ್ಪಿ ಒಗೀಬ್ಯಾಡ್ರಿ. ಎಣ್ಣ್ಯಾಗ ಕೆಂಪಗಾಗೋತನ ಹುರದು, ಸವಟಿಲೆ ತಲಿ ಒತ್ತಿ, ನೀರ್ ಹಾಕಿ ಹದಿನೈದು ನಿಮಿಷ ಕುದಿಸಿ ಸೋಸಿದ್ರ ಕಿತ್ತಳಿ ಬಣ್ಣದ ನೀರು ಬರತೈತಿ. ಅದ ಬೋಗುಣಿ ತೊಳದು ಮತ್ತ ಒಲಿಗೆ ಇಟ್ಟು ಆ ನೀರಾಗ ಪಾಸ್ತಾ ಬೇಯಿಸ್ತೀನಿ. ರುಚಿ ಎಲ್ಲಾ ಅಲ್ಲೇ ಐತಿ. ಪ್ಯಾಕೆಟ್‌ನ್ಯಾಗ ಸಿಪ್ಪಿನ ಇಲ್ಲ ಅಂದ್ಮ್ಯಾಲೆ ಬರೀ ಟೊಮ್ಯಾಟಿ ನೀರು.

ಒಣ ಸೀಗಡಿನೂ ಹಾಕಿ ನೋಡೀನಿ, ವಾಸನಿಗೆ ಮನಿ ಓನರ್ ಅಜ್ಜಿ ಮ್ಯಾಲಿಂದ ಇಳದು ಬಂದ್ಲು, ಮುಗೀತು. ಮುನಿರಾಬಾದ್ ಡ್ಯಾಂ ಮೀನಿನ್ಯಾಗ ಸಣ್ಣ ಮುಳ್ಳು ಭಾಳ, ಪಾಸ್ತಾದಾಗ ಹುಡುಕ್ಕೋತ ತಿನ್ನೋದು ಯಾರಿಗೆ ಬೇಕು.

ಲೆಕ್ಕ ಹಾಕಿದ್ರ ಗ್ರಾಮಿಗೆ ಮಾರ್ಕೆಟ್ಟಿಂದು ಸ್ವಲ್ಪ ಅಗ್ಗನ ಬಿತ್ತು. ನನಗ ಐತವಾರ ಮುಂಜಾನೆ ಬ್ಯಾರೆ ಕೆಲ್ಸ ಇಲ್ಲ, ವಗ್ಗರಣಿ ಮಿರ್ಚಿ ತಿಂದು ಸುಲಕೋತ ಕುಂದರ್ತೀನಿ. ವಾರದಾಗ ರಾತ್ರಿನ ಮಾಡೋರಿಗೆ ಪ್ಯಾಕೆಟ್ ಬಿಟ್ಟು ದಾರಿ ಇಲ್ಲ, ಕರಗಿಸಿ ಬಸದು ಹಾಕ್ರಿ, ಬಸಿಯದಿದ್ರ ನೀರು ಅರ್ಧ ಗ್ಲಾಸ್ ಕಮ್ಮಿ ಹಾಕ್ರಿ. ಉಳದ ಅರ್ಧ ಪ್ಯಾಕೆಟ್ ಫ್ರೀಜರ್‌ನ್ಯಾಗ ಬಿದ್ದೈತಿ, ಈ ವಾರ ಸಾರಿಗೆ ಹಾಕಿ ಮುಗಸ್ತೀನಿ, ಅಲ್ಲಿ ನೀರು ಹೆಚ್ಚಾದ್ರೂ ಯಾರೂ ಕೇಳಾಂಗಿಲ್ಲ.