ಮಡಿಕೇರಿಯ ಪ್ಯಾಶನ್ ಫ್ರೂಟ್ ಜಾಮ್: ತೆಳ್ಳಗೆ ಸವರಿದರೆ ಸಾಕು

ಮಡಿಕೇರಿ ಪೇಟೆಯಲ್ಲಿ ಕಾಫಿಪುಡಿ, ಜೇನು, ಏಲಕ್ಕಿ ಮಾರುವ ಅಂಗಡಿಗಳಲ್ಲೇ ಹೋಂಮೇಡ್ ಜಾಮ್ ಕೂಡ ಸಿಗುತ್ತದೆ. ನಾನು ತಂದದ್ದು ಪ್ಯಾಶನ್ ಫ್ರೂಟ್ ಜಾಮ್. ತುಂಬಾ ಚೆನ್ನಾಗಿದೆ, ಮೊದಲೇ ಹೇಳಿಬಿಡುತ್ತೇನೆ.

ಮುಚ್ಚಳ ತೆಗೆದ ಕೂಡಲೇ ಹಣ್ಣಿನದೇ ಘಮ, ಎಸೆನ್ಸ್ ವಾಸನೆ ಇಲ್ಲ. ಬಣ್ಣ ಸ್ವಲ್ಪ ಮಂಕಾದ ಹಳದಿ. ಕರಿ ಬೀಜಗಳನ್ನು ಸೋಸದೆ ಹಾಗೇ ಬಿಟ್ಟಿದ್ದಾರೆ, ಹಲ್ಲಿಗೆ ಸಿಕ್ಕಾಗ ಕಟುಂ ಅನ್ನುತ್ತವೆ. ಮೊದಲು ಹುಳಿ, ಆಮೇಲೆ ಸಿಹಿ. ಹುಳಿ ಜೋರಾಗಿರುವುದರಿಂದ ತೆಳ್ಳಗೆ ಸವರಿದರೂ ರುಚಿ ಸಾಲುತ್ತದೆ, ಜಾಸ್ತಿ ಬಳಿಯಬೇಕು ಅನಿಸುವುದೇ ಇಲ್ಲ. ನನ್ನ ಪ್ರಕಾರ ಇದರ ದೊಡ್ಡ ಗುಣವೇ ಅದು.

ಯಾಕೆಂದರೆ ಜಾಮ್ ಅಂದಮೇಲೆ ಸಕ್ಕರೆ ಇದ್ದೇ ಇರುತ್ತದೆ. ನಮ್ಮ ದೇಶದ ನಿಯಮದ ಪ್ರಕಾರ ಜಾಮ್‌ನಲ್ಲಿ ಕರಗಿರುವ ಘನ ಅಂಶ ಕನಿಷ್ಠ ಶೇ 65 ಇರಬೇಕು, ಅದರಲ್ಲಿ ಬಹುಪಾಲು ಸಕ್ಕರೆಯೇ. ಅಂದರೆ 20 ಗ್ರಾಂನ ಒಂದು ದೊಡ್ಡ ಚಮಚದಲ್ಲಿ ಸುಮಾರು 13 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ, ಒಂದೇ ಚಮಚಕ್ಕೆ ಅರ್ಧ ಮುಗಿಯಿತು ಅಲ್ವಾ? ಹಾಗಂತ ಬಿಡಬೇಕಿಲ್ಲ. ಟೀ ಚಮಚದಲ್ಲಿ ಒಂದು ಸಾಕು, ಅವತ್ತು ಕಾಫಿಗೆ ಸಕ್ಕರೆ ಕಮ್ಮಿ ಮಾಡಿದರಾಯಿತು.

‘ನೋ ಆಡೆಡ್ ಶುಗರ್’ ಬಾಟಲಿಗಳನ್ನು ಕೊಳ್ಳುವಾಗ ಹಿಂದಿನ ಚೀಟಿ ಓದಿ. ಸೇಬು ಅಥವಾ ದ್ರಾಕ್ಷಿ ರಸವನ್ನು ಗಟ್ಟಿ ಮಾಡಿ ಹಾಕಿದ್ದರೆ ಅದೂ ಸಕ್ಕರೆಯ ಲೆಕ್ಕಕ್ಕೇ ಬರುತ್ತದೆ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರೆದಿರುತ್ತಾರೆ. ನನ್ನ ಬಾಟಲಿಯಲ್ಲಿ ಇರುವುದು ಮೂರೇ ಹೆಸರು: ಹಣ್ಣು, ಸಕ್ಕರೆ, ನಿಂಬೆರಸ.

ಬಿಳಿ ಬ್ರೆಡ್‌ಗಿಂತ ರಾಗಿ ರೊಟ್ಟಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಗಟ್ಟಿ ಮೊಸರಿಗೆ ಅರ್ಧ ಚಮಚ ಕಲಸಿ, ಮೇಲೆ ಹುರಿದ ಕಡಲೆಕಾಯಿ ಬೀಜ ಉದುರಿಸಿಕೊಂಡು ತಿಂದು ನೋಡಿ, ಸಂಜೆ ಹಸಿವಿಗೆ ಅದಕ್ಕಿಂತ ಬೇರೆ ಬೇಡ. ಮಕ್ಕಳಿಗೆ ಅಂಗಡಿ ಐಸ್‌ಕ್ರೀಮ್ ಬದಲು ಇದನ್ನೇ ಕೊಡುತ್ತಿದ್ದೇನೆ.

ಒಂದೇ ತಕರಾರು. ತಯಾರಿಸಿದ ದಿನಾಂಕವನ್ನು ಪೆನ್ನಿನಲ್ಲಿ ಬರೆದಿದ್ದರು, ನೀರು ತಾಗಿ ಅಳಿಸಿಹೋಗಿತ್ತು. ಪ್ರಿಸರ್ವೇಟಿವ್ ಹಾಕದ ಜಾಮ್‌ಗೆ ಅದು ಸ್ಪಷ್ಟವಾಗಿ ಇರಲೇಬೇಕು. ಕೊಳ್ಳುವಾಗ ಕೇಳಿಕೊಳ್ಳಿ, ಸಣ್ಣ ಬಾಟಲಿಯನ್ನೇ ತನ್ನಿ, ತೆರೆದ ಮೇಲೆ ಫ್ರಿಜ್‌ನಲ್ಲಿಡಿ, ಒದ್ದೆ ಚಮಚ ಮಾತ್ರ ಹಾಕಬೇಡಿ.